ತೊಳೆಯದ ತಾಟು

ನನ್ನ ಮಗಳು ಹೈದರಾಬಾದಿನ ದೊಡ್ಡ ಫ್ರೆಂಚ್ ಹೋಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದಂದಿನಿಂದ ಅವ್ವ ಅವಳ ಕೈಯ ಊಟ ಬಿಟ್ಟಿದ್ದಳು. ಅಲ್ಲಿ ಮಾಂಸ ಬೇಯುತ್ತದೆ ಎಂಬುದೊಂದೇ ಕಾರಣ. ಜಗಳವಿಲ್ಲ, ಬೈಗುಳವಿಲ್ಲ. ಹುಡುಗಿ ರಜೆಗೆಂದು ಬೀದರಿಗೆ ಬಂದು ಒಂದು ಕಪ್ ಚಹಾ ಮಾಡಿದರೂ ಅವ್ವ ಕೊರಳ ಲಿಂಗ ಮುಟ್ಟಿಕೊಂಡು, "ಒಲ್ಲೆ ತಾಯಿ, ಹೊಟ್ಟಿ ತುಂಬ್ಯದ" ಎನ್ನುವಳು. ಔರಾದದ ನನ್ನ ಅತ್ತೆಮನೆಯವರು ಈ ಕೆಲಸದ ಬಗ್ಗೆ ಆಡಿದ ಹತ್ತು ಮಾತು ಒಂದು ತೂಕವಾದರೆ ಈ "ಒಲ್ಲೆ" ಇನ್ನೊಂದು ತೂಕ. ಮಗಳು ಬೆಳೆದದ್ದೇ ಅವ್ವನ ಮಡಿಲಲ್ಲಿ, ರೊಟ್ಟಿ ಬಡಿಯಲು ಕಲಿತದ್ದೂ ಅವಳಿಂದಲೇ. ಹುಡುಗಿ ಒಳಗೊಳಗೇ ಕೊರಗುತ್ತಿದ್ದಳು.

ಅವ್ವನ ಕಣ್ಣು ತೋರಿಸಲು ಹೈದರಾಬಾದಿಗೆ ಹೋದಾಗ ಮಗಳು ಅಜ್ಜಿಯ ಬೆನ್ನುಬಿಡದೆ ಗೋಗರೆದಳು.

"ಆಯಿ, ಒಂದ್ ಸಲ ನನ್ನ ಹೋಟೆಲಿಗಿ ಬಾ. ನಿನಗ ಬ್ಯಾರೆ ಭಾಂಡಿ, ಬ್ಯಾರೆ ಒಲಿ. ತತ್ತಿ ಸೈತ ಮುಟ್ಟಂಗಿಲ್ಲ."

"ಬರ್ತೇನಿ. ಕುಂತು, ನೀರು ಕುಡದು, ಎದ್ದು ಬರ್ತೇನಿ" ಎಂದಳು ಅವ್ವ.

ಅವ್ವನ ಹಟ ನನಗೆ ಗೊತ್ತಿಲ್ಲದ್ದೇನಲ್ಲ. ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೇ ಹೊರಟೆ.

ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ದೀಪ ಹಚ್ಚಿದ್ದರು. ಉಣ್ಣಲು ಬಂದವರು ಸತ್ತವರ ಮನೆಯಲ್ಲಿ ಕೂತವರಂತೆ ಪಿಸುಗುಡುತ್ತಿದ್ದರು. ಕಪ್ಪು ಕೋಟಿನ ತರುಣನೊಬ್ಬ ಅಂಗೈಯಗಲದ ಎರಡು ಬಿಳಿ ತಟ್ಟೆ ತಂದಿಟ್ಟ. ನಡುವೆ ಬೀಟ್‌ರೂಟಿನ ತೆಳು ಹೋಳು, ಅದರ ಮೇಲೊಂದು ಚಿಟಿಕೆ ಕೆನೆ, ಕೆನೆಯ ಮೇಲೊಂದು ಎಲೆ. ಅದೇನೆಂದು ಇಂಗ್ಲಿಷಿನಲ್ಲಿ ಹೇಳಿದ. ಊಟಕ್ಕಿಂತ ವಿವರಣೆಯೇ ಉದ್ದವಾಗಿತ್ತು.

ಅವ್ವ ತಟ್ಟೆಯನ್ನೇ ನೋಡುತ್ತ ಕೂತಳು. "ಇಲ್ಲೂ ಬರ ಬಿದ್ದದೇನ?" ಎಂದು ಕೇಳಿದಳು.

ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನಗೂ ನೆನಪಾಯಿತು.

ನಾನು ಚಿಕ್ಕವಳಿದ್ದಾಗ, ಬರದ ವರ್ಷ, ಮೆಹಕರದ ನಮ್ಮ ಓಣಿಯಲ್ಲಿ ತೆರೆದ ಬಾಗಿಲಿಗಿಂತ ಬೀಗ ಬಿದ್ದ ಬಾಗಿಲೇ ಹೆಚ್ಚು. ಅಪ್ಪ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋಗಿದ್ದ. ತಮ್ಮ ಇನ್ನೂ ಕೈಗೂಸು. ಹಾಗಾಗಿ ಅವ್ವ ಮಕ್ಕಳನ್ನು ಕಟ್ಟಿಕೊಂಡು ಊರಲ್ಲೇ ಉಳಿದಳು. ಒಂದು ದಿನ ಹಿತ್ತಾಳೆಯ ತಾಟುಗಳನ್ನೆಲ್ಲ ಒರೆಸಿ ಅಟ್ಟಕ್ಕೆ ಏರಿಸಿ, "ಕಲಾಯಿ ಹೋಗ್ಯದ, ಹಾಕಸ್ಬೇಕು" ಎಂದಳು. ಅವತ್ತಿನಿಂದ ನಮ್ಮ ಊಟ ಚಹಾ ಕುಡಿಯುವ ಬಸಿಗಳಲ್ಲಿ. ಒಂದು ಹಿಡಿ ಜೋಳದ ನುಚ್ಚು ಬಸಿಯಲ್ಲಿ ಗುಡ್ಡವಾಗಿ ಕಾಣುತ್ತಿತ್ತು. ನಮಗೆ ಖುಷಿಯೋ ಖುಷಿ.

"ನೀ ಉಣ್ಣಂಗಿಲ್ಲೇನವ್ವಾ?" ಎಂದು ಕೇಳಿದರೆ, "ನಂದು ಆಗ್ಯದ. ಒಲಿ ಮುಂದೇ ಉಂಡೇನಿ" ಎನ್ನುತ್ತಿದ್ದಳು.

ಉಂಡ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರು ಕುಡಿದೇ ಏಳುವುದು ನಮ್ಮ ಮನೆಯ ನೇಮ. ಅನ್ನವೆಂಬುದು ಪ್ರಸಾದ, ಅಗುಳೂ ಕೆಡಬಾರದು. ತನ್ನ ತಾಟು ತಾನೇ ತೊಳೆಯಬೇಕು. ಆ ವರ್ಷ ಮಾತ್ರ ಅವ್ವ ನೇಮ ಮುರಿದಳು. "ಸಣ್ಣವರಿದ್ದೀರಿ, ಬಸಿ ಒಡೀತೀರಿ, ಕೊಡ್ರಿ" ಎಂದು ನಮ್ಮೆಲ್ಲರ ಬಸಿ ತಾನೇ ತೊಳೆದು, ಗೋಡೆಯ ಕಡೆ ತಿರುಗಿ ಆ ನೀರು ಕುಡಿಯುತ್ತಿದ್ದಳು. ಅದೇ ಅವಳ ಊಟವಾಗಿತ್ತೆಂದು ನನಗೆ ಹೊಳೆದದ್ದು ನಾನೂ ತಾಯಿಯಾದ ಮೇಲೆ. ಮುಂದೆ ಅಪ್ಪನಿಗೆ ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಹಮಾಲಿ ಕೆಲಸ ಸಿಕ್ಕು ನಾವು ಬೀದರಿಗೆ ಬಂದೆವು. ತಾಟುಗಳು ಅಟ್ಟದಿಂದ ಇಳಿದವು. ಅವಕ್ಕೆ ಯಾರೂ ಕಲಾಯಿ ಹಾಕಿಸಿರಲಿಲ್ಲ. ಈ ಬಗ್ಗೆ ನಾನು ಅವ್ವನನ್ನು ಎಂದೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಇಷ್ಟಿಷ್ಟೇ ಯಾಕ ಹಾಕ್ಯಾಳ?" ಎಂದು ಅವ್ವ ಬೀಟ್‌ರೂಟಿನ ತಟ್ಟೆ ತೋರಿಸಿದಳು.

"ಒಂದೊಂದೇ ರುಚಿ ನೋಡ್ಬೇಕಂತ. ಇನ್ನೂ ಭಾಳ ಬರ್ತಾವವ್ವಾ."

ಅವ್ವ ಚಮಚ ಬದಿಗಿಟ್ಟು, ಕೈಯಿಂದಲೇ ತೆಗೆದು ಬಾಯಿಗಿಟ್ಟುಕೊಂಡಳು. ಸಣ್ಣ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ಕಳಿಸುವುದು ಅವಳಿಂದಾಗಲಿಲ್ಲ.

ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಆ ತರುಣ ಬಂದು ಖಾಲಿ ತಟ್ಟೆಗೆ ಕೈ ಹಾಕಿದ. ಅವ್ವ ಗಪ್ಪನೆ ಹಿಡಿದುಕೊಂಡಳು. ಅವನು ನಗುತ್ತ ಮೆಲ್ಲಗೆ ಎಳೆದ, ಇವಳೂ ಎಳೆದಳು. ಪಕ್ಕದ ಮೇಜಿನವರು ತಿರುಗಿದರು.

"ಬಿಡವ್ವಾ, ಅವ್ರೇ ತೊಳೀತಾರ" ಎಂದೆ, ನಾಚಿಕೆಯಿಂದ ಸಾಯುತ್ತ.

"ಅವ್ರ್ಯಾಕ ತೊಳೀಬೇಕು? ಉಂಡಾಕಿ ನಾನು!"

ನನ್ನ ನಾಚಿಕೆ ಅಲ್ಲಿಗೇ ಇಳಿಯಿತು. ಅವ್ವ ಹೋಟೆಲಿನ ತಾಟು ಎಂದೂ ತೊಳೆದವಳಲ್ಲ. ಕೊಂಡು ತಿಂದದ್ದು ಕೂಳು, ಪ್ರಸಾದವಲ್ಲ ಎನ್ನುವವಳು. ಇವತ್ತು ತಟ್ಟೆ ಬಿಡಲೊಲ್ಲಳು!

ತರುಣ ಗಾಬರಿಯಾಗಿ ಒಳಗೆ ಓಡಿದ. ಬಿಳಿ ಕೋಟಿನಲ್ಲಿ ನನ್ನ ಮಗಳು ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಏನೋ ಅಪಚಾರವಾಯಿತೆಂದೇ ತಿಳಿದಿದ್ದಳು. ಅವಳ ಕಣ್ಣೆದುರಿಗೇ ಅವ್ವ ಗ್ಲಾಸಿನ ನೀರು ತಟ್ಟೆಗೆ ಸುರಿದು, ಬೆರಳಾಡಿಸಿ, ಎರಡೂ ಕೈಯಿಂದ ಎತ್ತಿ ಕುಡಿದಳು.

"ಈಗ ಒಯ್ಯಿ" ಎಂದಳು.

ಮಗಳು ತಟ್ಟೆಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಆಮೇಲೆ ಬಂದ ಉಳ್ಳಾಗಡ್ಡಿ ಸಾರಿನ ಬಟ್ಟಲು, ಅಣಬೆಯ ತಟ್ಟೆ, ಎಲ್ಲವನ್ನೂ ಅವ್ವ ಹಾಗೇ ತೊಳೆದು ಕುಡಿದಳು. ತರುಣ ತಾನೇ ನೀರಿನ ಜಗ್ಗು ಹಿಡಿದು ಕಾಯತೊಡಗಿದ.

ಕೊನೆಯ ತಟ್ಟೆಯನ್ನು ಮಗಳೇ ತಂದಳು. ಅಕ್ಕಪಕ್ಕದ ಮೇಜುಗಳು ಖಾಲಿಯಾಗಿದ್ದವು. ಅವ್ವ ಅದನ್ನು ಮುಟ್ಟದೆ ಮೊಮ್ಮಗಳ ಮುಖ ನೋಡಿದಳು.

"ನಿಂದು ಊಟ ಆತೇನು?"

"ಆಗ್ಯದ ಆಯಿ. ಒಲಿ ಮುಂದೇ ಉಂಡೇನಿ."

ಹುಡುಗಿಗೆ ಆ ಮಾತು ಯಾರೂ ಹೇಳಿಕೊಟ್ಟಿರಲಿಲ್ಲ.

"ಆ ಸುಳ್ಳು ನನ್ನ ಮುಂದ ಹೇಳಬ್ಯಾಡ" ಎಂದಳು ಅವ್ವ. "ಅದು ನಂದು. ಕುಂದ್ರು."

ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದಳು. ನನ್ನ ಕೈಚೀಲದಿಂದ ರೊಟ್ಟಿ ತೆಗೆದು ಅದರ ಮೇಲಿಟ್ಟಳು. ತಟ್ಟೆ ಕಾಣದಾಯಿತು. ಮಗಳು ಬಿಳಿ ಕೋಟಿನಲ್ಲೇ ಕೂತು, ಕಣ್ಣೊರೆಸಿಕೊಳ್ಳುತ್ತ ಉಂಡಳು. ಅವ್ವ ಪ್ರತಿ ತುತ್ತನ್ನೂ ನೋಡಿದಳು. ಊಟ ಮುಗಿದಾಗ ಅವ್ವನ ಕೈ ಬರದ ವರ್ಷದ ರೂಢಿಯಂತೆ ಹುಡುಗಿಯ ತಟ್ಟೆಗೆ ಹೋಯಿತು. ಅಲ್ಲೇ ತಡೆದು, ನೀರಿನ ಗ್ಲಾಸನ್ನು ಮೊಮ್ಮಗಳ ಕೈಗಿತ್ತಳು.

"ನಿಂದು ನೀನೇ ತೊಳಕೊಂಡು ಕುಡಿ. ನನ್ನ ಹೊಟ್ಟಿ ತುಂಬ್ಯದ" ಎಂದಳು.