ಬಂದವರಿಗೆ ಬೆನ್ನು

ನಾನು ಹಳಿಯಾಳದ ಕಡೆ ಊರೂರು ತಿರುಗುವ ನರ್ಸಬಾಯಿಯಾಗಿದ್ದೆ. ಮರ ಕಡಿಯುವ ಆಳುಗಳ ಮುಕಾದಮನೊಬ್ಬನ ಮೇಲೆ ಕಾಡಿನಲ್ಲಿ ದಿಮ್ಮಿ ಉರುಳಿ, ಸೊಂಟದ ಕೆಳಗೆ ಚಿವುಟಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಬಲತೊಡೆಯ ಎಲುಬೂ ಮುರಿದಿತ್ತು. ಹೀಗಾಗಿ ಹೊರಳಿಸಲು ಇದ್ದದ್ದು ಎಡಮಗ್ಗಲು ಒಂದೇ; ಆ ಕಡೆ ಮಂಚಕ್ಕೆ ಹತ್ತಿಕೊಂಡೇ ಗೋಡೆ ಇತ್ತು.

"ಅಂಗಾತ ಬಿಟ್ರ ಬೆನ್ನ ಕೊಳೀತೈತಿ, ಆಗಾಗ ಹೊರಳಸ್ರಿ" ಎಂದು ಅವನ ಹೆಂಡತಿ ಬಾಳವ್ವನಿಗೆ ತೋರಿಸಿಕೊಟ್ಟು ಬಂದೆ. ಮರುವಾರ ಹೋದರೆ ಆಸಾಮಿ ಅಂಗಾತವೇ ಮಲಗಿದ್ದ. ಬೆನ್ನು ಕೆಂಪಾಗಿತ್ತು.

"ಯಾಕವ್ವಾ, ಹೊರಳಸಲಿಲ್ಲೇನು?"

"ದಿನಾ ಹಿರ್‍ಯಾರು ನೋಡಾಕ ಬರ್ತಾರ್ರಿ ಬಾಯಾರ" ಎಂದಳು.

ಮುಕಾದಮನೇ ಬಾಯಿ ಹಾಕಿದ: "ಬಂದವ್ರಿಗೆ ಬೆನ್ನ ತೋರಿಸೋ ಮನಿತನ ಅಲ್ರಿ ನಮ್ದು."

"ಹಂಗಾರ ಮಂಚ ಮನಿ ನಡುವ ಎಳೀರಿ. ಮಂದಿ ಆ ಕಡೆ ಬಂದು ಕುಂದರ್ಲಿ."

ಬಾಳವ್ವ ಬೆಚ್ಚಿಬಿದ್ದಳು. "ಬಿಡ್ತು ಅನ್ರಿ! ಮನಿ ನಡುವ ಹೆಣಾ ಇಡ್ತಾರ್ರಿ."

'ನಿಮ್ಮ ಮರ್ಯಾದಿಗೆ ಬೆಂಕಿ ಬೀಳ್ಲಿ' ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡೆ.

ಬೆನ್ನಿಗೆ ಹುಣ್ಣಾಗಿ ಎಲುಬಿನ ತನಕ ಇಳಿಯಿತು. ಹಿರಿಯರು ಮೊದಮೊದಲು ಮೂಗಿಗೆ ಟವೆಲ್ ಹಿಡಿದು ಹೊಸ್ತಿಲಲ್ಲೇ ಮಾತಾಡಿಸಿ ಹೋದರು. ಆಮೇಲೆ ಆ ಓಣಿಗೇ ಬರಲಿಲ್ಲ. ಈಗ ಮುಕಾದಮ ಯಾರ ಅಡ್ಡಿಯೂ ಇಲ್ಲದೆ ಗೋಡೆ ಕಡೆ ಮುಖ ಮಾಡಿ ಮಲಗಿದ.

ಕಡೆಗೊಂದು ದಿನ ಮಂಚವನ್ನು ಅಂಗಳಕ್ಕೆ ಹಾಕಿ, ಅವನನ್ನು ಮನೆ ನಡುವೆ ಮಲಗಿಸಿದರು. ಅವತ್ತು ಹಿರಿಯರೆಲ್ಲ ಬಂದರು. ಎಲ್ಲ ಕಡೆಯೂ ಕೂರಲು ಬೇಕಾದಷ್ಟು ಜಾಗವಿತ್ತು.