ಅತ್ತೆಯ ಬ್ಯಾಗಿನ ತೊಗಲು

ಇದನ್ನು ಹೇಳುವುದನ್ನು ಬಹಳ ಕಾಲ ಮುಂದೂಡಿದೆ. ನಿವೃತ್ತನಾದ ಮೇಲೆ ಮುಂಬಯಿಯ ದಹಿಸರ್‌ನ ಮನೆಯಲ್ಲಿ ತೊಗಲಿನ ಕೆಲಸ ಕಲಿಯತೊಡಗಿದೆ. ಹೊಸ ತೊಗಲು ದುಬಾರಿಯೆಂದು, ಹೆಂಡತಿಗೆ ಹೇಳದೆ ಅವಳ ತಾಯಿಯ ಹಳೆಯ ಬ್ಯಾಗನ್ನು ಅಟ್ಟದಿಂದ ಇಳಿಸಿ ಕತ್ತರಿಸಿದೆ. ಅಡುಗೆಮನೆಯ ಫೋರ್ಕ್ ಒತ್ತಿ ಹೊಲಿಗೆಗೆ ಗುರುತು ಮಾಡಿ, ಕೀಲಿಗಳಿಗೊಂದು ಚೀಲ ಹೊಲಿದೆ.

"ತೊಗಲು ಛಲೋ ಐತಿ, ಎಲ್ಲಿ ಸಿಕ್ತು?" ಎಂದು ಹೆಂಡತಿ ಕೇಳಿದಳು.

"ಬೈಕುಲ್ಲಾದಾಗ, ತುಂಡು ಮಾಲು" ಎಂದೆ.

ದೀಪಾವಳಿಗೆ ಅಟ್ಟ ಗುಡಿಸುವಾಗ ಬ್ಯಾಗ್ ಇರಲಿಲ್ಲ. ಹೆಂಡತಿ ಕೆಲಸದವಳನ್ನು ಅನುಮಾನಿಸಿದಳು.

"ಆ ಹರಕ ಬ್ಯಾಗ್ ಹಾಕ್ಕೊಂಡು ನಾ ಲೋಕಲ್‌ನಾಗ ಮೆರೀಲೇನ್ರಿ ಅಕ್ಕಾ?" ಎಂದು ನಕ್ಕವಳು, ಹೆಂಡತಿ ನಗದಿದ್ದಾಗ ಅತ್ತಳು. ಕೀಲಿಚೀಲ ನನ್ನ ಜೇಬಿನಲ್ಲೇ ಇತ್ತು; ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ಅವಳು ಬರಲಿಲ್ಲ.

ಹೆಂಡತಿಗೆ ಆಮೇಲೆ ಎಲ್ಲ ಹೇಳಿದೆ. ನಾನು ಇಂದಿಗೂ ಕ್ಷಮೆ ಕೇಳದೆ ಉಳಿದದ್ದು, ವರ್ಷಗಟ್ಟಲೆ ನಮ್ಮ ಪಾತ್ರೆ ತೊಳೆದ ಕಲಬುರಗಿ ಕಡೆಯ ಆ ಹೆಣ್ಣುಮಗಳ ಬಳಿ.