ಅವ್ವ ಕೇಳಿದ ಪ್ರಸಾದ

ಐಸಿನಲ್ಲಿಟ್ಟ ಬಂಗಡೆ ಮೀನು ತೊಳೆಯುವಾಗ ನನ್ನ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ. ಆಮೇಲೆ ನೀಲಿ, ಕೊನೆಗೆ ಕೆಂಪು, ಉರಿ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುವುದಿಲ್ಲ. ಕಾರವಾರದ ಕಚೇರಿಯಲ್ಲಿ ಹನ್ನೊಂದು ಗಂಟೆಯವರೆಗೆ ನಾನು ಬರೆಯುವುದಿಲ್ಲ, ಬರೆಯುವವಳಂತೆ ನಟಿಸುತ್ತೇನೆ.

ಎರಡು ವರ್ಷದಿಂದ ಸದಾಶಿವಗಡ ದಾಟಿ ಗೋವಾದ ಆಸ್ಪತ್ರೆಗೆ ಅಲೆಯುತ್ತಿದ್ದೇನೆ. ಜೊತೆಗೆ ಅವ್ವ. ಭಾವಿಕೇರಿಯ ಮನೆಯಲ್ಲಿ ನಾವಿಬ್ಬರೇ. ಡಾಕ್ಟರು ರಕ್ತದ ರಿಪೋರ್ಟು ನೋಡಿ ಪ್ರತಿಸಲ ಅದನ್ನೇ ಹೇಳುತ್ತಾರೆ: ಮೈಯೇ ಮೈಯ ಮೇಲೆ ತಿರುಗಿಬಿದ್ದಿದೆ, ಆದರೆ ಲೂಪಸ್ ಎನ್ನಲು ಲಕ್ಷಣ ಸಾಲದು, ಇನ್ನೊಂದು ಎನ್ನಲೂ ಸಾಲದು. ಮಾತ್ರೆ ತಗೊಳ್ಳಿ, ಆರು ತಿಂಗಳು ಬಿಟ್ಟು ನೋಡೋಣ. ಎರಡು ಮಾರ್ಕಿನಲ್ಲಿ ಫೇಲಾದವಳಂತೆ ಹೊರಗೆ ಬರುತ್ತೇನೆ. ರೋಗದಲ್ಲೂ ಪಾಸಾಗಲಿಲ್ಲವಲ್ಲ ಎಂದು ಸಿಟ್ಟು ಬರುತ್ತದೆ. ನನಗೆ ಬೇಕಾದದ್ದು ಒಂದು ಹೆಸರು, ಅಷ್ಟೆ. ಯಾವುದಕ್ಕೆ ಹೆದರಬೇಕು ಎಂದಾದರೂ ಗೊತ್ತಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವ್ವ, "ದೇವಿ ಹತ್ರ ಪ್ರಸಾದ ಕೇಳ್ವ, ಮಗಾ" ಎಂದಳು. ಪೂಜೆ ಮಾಡುವ ಗುನಗರು ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಕೇಳಿದ್ದಕ್ಕೆ ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ನಂಬಿಕೆ ಇಲ್ಲದಿದ್ದರೂ ಹೋದೆ. ಇದು ಬರೀ ಮೈಯ ರೋಗವೇ ಎಂದು ಗುನಗರು ದೇವಿಯನ್ನು ಕೇಳಿದರು. ಅರ್ಧ ತಾಸು ಕಾದರೂ ಎಸಳು ಅಲುಗಲಿಲ್ಲ. ದೇವಿಯೂ ಆರು ತಿಂಗಳು ಬಿಟ್ಟು ಬಾ ಎನ್ನುತ್ತಿದ್ದಾಳೆ ಅನಿಸಿ ನಗು ಬಂತು. ಆಗ ಅವ್ವ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಕೇಳಿದಳು. ಬಲಗಡೆಯ ಎಸಳು ಪಟ್ಟನೆ ಬಿತ್ತು. ಏನು ಕೇಳಿದೆ ಎಂದರೆ ಹೇಳಲಿಲ್ಲ.

ಆ ತಿಂಗಳು ನನ್ನ ಮಾತ್ರೆ ಬೇಗ ಮುಗಿಯಿತು. ಮರುತಿಂಗಳೂ ಹಾಗೇ ಆಯಿತು. ಅಷ್ಟರಲ್ಲಿ ಅವ್ವನಿಗೆ ಹೊಟ್ಟೆ ತೊಳಸು, ವಾಂತಿ, ಊಟ ಸೇರದು. ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ನನ್ನ ಮಾತ್ರೆ ಅವಳ ಬಾಯಿಗೆ ಹೋಗುತ್ತಿತ್ತು.

"ಅವ್ವಾ, ಎಂತ ಮಾಡ್ತಿದ್ಯೆ?"

"ಇವಳ ರೋಗ ನಂಗೆ ಕೊಡು ಅಂದೆ. ದೇವಿ ಹೌದು ಅಂದ್ಲು, ನೀನೇ ನೋಡಿದ್ಯಲ. ರೋಗ ನಂದಾದ ಮೇಲೆ ಔಷಧ ನಾನೇ ತಿನ್ನೂದಲ್ವಾ?"

ಬಾಯಿಗೆ ಬಂದಂತೆ ಬೈದೆ. ದೇವಿಯನ್ನೂ ಬಿಡಲಿಲ್ಲ. ಅವ್ವ ಮಾತ್ರ ತಣ್ಣಗೆ, "ಇನ್ನು ನಿನ್ನ ಬೆರಳು ಬೆಳ್ಳಗಾಗೂದಿಲ್ಲ, ನೋಡು ಬೇಕಾರೆ" ಎಂದಳು. ಬಚ್ಚಲಿಗೆ ಹೋಗಿ ಅತ್ತೆ.

ಮುಂದಿನ ಸಲ ಡಾಕ್ಟರು ಮತ್ತೆ ಆರು ತಿಂಗಳು ಅಂದರು. ಹೊರಗೆ ಬೆಂಚಿನಲ್ಲಿ ಕೂತಿದ್ದ ಅವ್ವನಿಗೆ ಸುಳ್ಳು ಹೇಳಿದೆ: ನನ್ನ ರೋಗ ಹೋಗಿದೆಯಂತೆ, ಇನ್ನು ಇಬ್ಬರಿಗೂ ಮಾತ್ರೆ ಬೇಡವಂತೆ. ಅವಳು ಅಲ್ಲೇ ಕೈ ಮುಗಿದಳು. ತನಗೆ ಬಂದದ್ದರ ಗತಿಯೇನು ಎಂದು ಕೇಳಲೇ ಇಲ್ಲ.

ಈಗ ಮಾತ್ರೆ ನನ್ನ ಬ್ಯಾಗಿನ ತಳದಲ್ಲಿರುತ್ತದೆ. ಭಾನುವಾರ ಅವ್ವ ಐಸಿನ ಬಂಗಡೆಯನ್ನು ಬೇಕೆಂದೇ ನನ್ನ ಕೈಗೆ ಕೊಟ್ಟು, ಹಿಂದೆ ನಿಂತು ನೋಡುತ್ತಾಳೆ. ನಾನು ಅವಳಿಗೆ ಬೆನ್ನು ಮಾಡಿ ಕೂರುತ್ತೇನೆ. ಬೆರಳು ಬೆಳ್ಳಗಾಗತೊಡಗಿದ ಕೂಡಲೇ ಮೀನಿನ ರಕ್ತ ಸವರಿಕೊಂಡು ಕೈ ಎತ್ತಿ ತೋರಿಸುತ್ತೇನೆ.

"ನೋಡೆ ಅವ್ವಾ, ಕೆಂಪಗೇ ಅದೆ."